ಸಹಿ ಬಿದ್ದ ಮೇಲೆ: ಕುಟುಂಬ ಕಾನೂನು ನಮ್ಮ ಮನೆಗಳ ಜಗಳಕ್ಕೆ ಎಷ್ಟು ಒದಗಿದೆ?

ತೋಟಿಗ, ಶಿರಸಿ

ಮಾನ್ಯರೇ, ನಮ್ಮ ಮನೆಯ ಪಾಲಿನ ದಾವೆ ಹನ್ನೊಂದು ವರ್ಷ ನಡೆದು ಎರಡು ವರ್ಷದ ಹಿಂದೆ ಮುಗಿಯಿತು. ಅಂತಿಮ ಡಿಕ್ರಿ ಬಂತು, ಸರ್ವೆಯವರು ತೋಟದ ನಡುವೆ ಕಲ್ಲು ನೆಟ್ಟು ಹೋದರು, ಪಹಣಿಯಲ್ಲಿ ಅಣ್ಣನ ಹೆಸರೂ ನನ್ನ ಹೆಸರೂ ಬೇರೆ ಬೇರೆಯಾಗಿ ಕೂತವು. ನ್ಯಾಯಾಲಯದ ಲೆಕ್ಕದಲ್ಲಿ ನಮ್ಮ ವ್ಯಾಜ್ಯ ಇತ್ಯರ್ಥವಾಗಿದೆ.

ಕಳೆದ ಮಳೆಗಾಲದ ಒಂದು ಸಂಗತಿ ಹೇಳುತ್ತೇನೆ. ಜೂನ್ ಮೊದಲ ವಾರ, ಮಳೆ ಹಿಡಿಯುವ ಮುನ್ನವೇ, ನನ್ನ ಪಾಲಿನ ಅಡಿಕೆ ಮರಗಳಿಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಿದೆ. ಅಣ್ಣನಿಗೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಗಲಿಲ್ಲ. ನನ್ನಲ್ಲಿಗೆ ಬಂದಿದ್ದ ಕೊನೆಗೌಡನನ್ನೇ ಮರುದಿನ ಕಲ್ಲಿನ ಆಚೆಗೆ ಕಳಿಸಬಹುದಾಗಿತ್ತು ಎಂಬುದು ಇಬ್ಬರಿಗೂ ತಿಳಿದಿತ್ತು. ಆದರೆ ನಾವು ಮಾತು ಬಿಟ್ಟು ಆರು ವರ್ಷವಾಗಿದ್ದರಿಂದ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಜುಲೈ ಕೊನೆಗೆ ಅವನ ತೋಟಕ್ಕೆ ಕೊಳೆ ಬಂತು. ಆಗಸ್ಟಿನಲ್ಲಿ ಕಲ್ಲಿನ ಈಚೆಗಿನ ಎರಡು ಸಾಲು ಮರಗಳ ಬುಡದಲ್ಲಿಯೂ ಹಸಿರು ಅಡಿಕೆ ಉದುರಿ ಬಿದ್ದಿತ್ತು.

ಆಗ ಡಿಕ್ರಿಯನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ಓದಿದೆ. ಯಾರಿಗೆ ಎಷ್ಟು ಗುಂಟೆ ಎಂಬುದು ಅದರಲ್ಲಿ ಬಹಳ ನಿಖರವಾಗಿದೆ. ಮೇಲಿನ ಅಬ್ಬಿಯಿಂದ ಬರುವ ನೀರಿಗೆ ಪಾಳಿ ಹೇಗೆ, ಗೊಬ್ಬರ ಸಾಗಿಸುವ ಹಾದಿ ಯಾರದು, ಬೆಟ್ಟದ ಸೊಪ್ಪನ್ನು ಯಾರು ಯಾವ ಕಡೆಯಿಂದ ಕಡಿಯಬೇಕು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಗೊಬ್ಬರಕ್ಕೆ ಸೊಪ್ಪು ಕಡಿಯುವ ಸೊಪ್ಪಿನಬೆಟ್ಟ ಸರ್ಕಾರದ ಜಾಗ, ತೋಟಿಗರಿಗೆ ಅದರಲ್ಲಿರುವುದು ಸೌಲಭ್ಯ ಮಾತ್ರ, ಹಾಗಾಗಿ ತೋಟದಂತೆ ಅದನ್ನು ಕಡಿದು ಹಂಚಲು ಬರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಉಳಿದದ್ದಕ್ಕೆ ಏನು ಅಡ್ಡಿಯಿತ್ತು?

ಮದುವೆ, ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆ, ಆಸ್ತಿಯ ಪಾಲು ಇವೆಲ್ಲವನ್ನೂ ಸೇರಿಸಿ ಕುಟುಂಬ ಕಾನೂನು ಎಂದು ಕರೆಯುವುದಾದರೆ, ಆ ಕಾನೂನು ಜಗಳವನ್ನು ತೀರ್ಮಾನಿಸುವುದರಲ್ಲಿ ಎಷ್ಟು ಸಮರ್ಥವಾಗಿದೆ, ಮತ್ತು ತೀರ್ಮಾನವಾದ ಮೇಲೂ ಪಕ್ಕಪಕ್ಕದಲ್ಲಿಯೇ ಬಾಳಬೇಕಾದ ಜನ ಪರಸ್ಪರ ಒದಗಿಬರುವಂತೆ ಅದು ಏನಾದರೂ ಮಾಡುತ್ತದೆಯೇ ಎಂಬುದು ನನ್ನ ಪ್ರಶ್ನೆ. ಕಂಡದ್ದನ್ನು, ಅನುಭವಿಸಿದ್ದನ್ನು ಬರೆಯಬೇಕಾಗಿ ವಿನಂತಿ.

ಸಿವಿಲ್ ವಕೀಲೆ, ಕುಮಟಾ

ತೋಟಿಗರೇ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಕಾನೂನಿನಲ್ಲಿಯೇ ಇದೆ. ಅಡ್ಡಿ ಏನೂ ಇರಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23ರ ನಿಯಮ 3ಕ್ಕೆ 1976ರಲ್ಲಿ ತಿದ್ದುಪಡಿಯಾದ ಮೇಲೆ, ಕಕ್ಷಿದಾರರು ರಾಜಿಯಾದಾಗ ದಾವೆಯ ವಿಷಯಕ್ಕೆ ಹೊರತಾದ ಸಂಗತಿಗಳನ್ನೂ ರಾಜಿ ಡಿಕ್ರಿಯಲ್ಲಿ ಸೇರಿಸಬಹುದು. ನೀರಿನ ಪಾಳಿ, ಹಾದಿ, ಕೊನೆಗೌಡನ ದಿನ, ಎಲ್ಲವನ್ನೂ ಬರೆದುಕೊಳ್ಳಬಹುದಾಗಿತ್ತು. ಆದರೆ ನೀವು ರಾಜಿಯಾಗಲಿಲ್ಲ, ತೀರ್ಪು ಪಡೆದಿರಿ. ತೀರ್ಪು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ, ಮತ್ತು ನಿಮ್ಮ ದಾವೆಯ ಅರ್ಜಿಯಲ್ಲಿ ಕೊಳೆರೋಗದ ಮಾತು ಇರಲು ಸಾಧ್ಯವಿಲ್ಲ.

ಹನ್ನೊಂದು ವರ್ಷದ ಬಗ್ಗೆಯೂ ಒಂದು ಮಾತು. ಪಾಲಿನ ದಾವೆಯಲ್ಲಿ ಮೊದಲು ಯಾರಿಗೆ ಎಷ್ಟು ಪಾಲು ಎಂದು ಹೇಳುವ ಪ್ರಾಥಮಿಕ ಡಿಕ್ರಿ, ಅನಂತರ ಜಾಗವನ್ನು ಅಳೆದು ಹಂಚುವ ಅಂತಿಮ ಡಿಕ್ರಿ ಎಂದು ಎರಡು ಮೆಟ್ಟಿಲು. ಎರಡನೆಯದಕ್ಕೆ ಕಕ್ಷಿದಾರರು ಮತ್ತೆ ಅರ್ಜಿ ಹಾಕಿ ಹೊಸದಾಗಿ ಅಲೆಯಬೇಕಾಗಿತ್ತು. ವಿಚಾರಣಾ ನ್ಯಾಯಾಲಯಗಳು ಪ್ರತ್ಯೇಕ ಅರ್ಜಿಗೆ ಕಾಯದೆ ತಾವಾಗಿಯೇ ಮುಂದುವರಿಯಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ದಾಂಪತ್ಯದ ವ್ಯಾಜ್ಯಗಳಿಗೆ ಬಂದರೆ, ಕಾಗದದ ಮೇಲೆ ನಮ್ಮ ಕಾನೂನು ಸಂಧಾನವನ್ನು ಬಹಳವಾಗಿ ನೆಚ್ಚಿಕೊಂಡಿದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮಿನ ಪ್ರಕಾರ ಸಾಧ್ಯವಿರುವಲ್ಲೆಲ್ಲ ರಾಜಿಗೆ ಪ್ರಯತ್ನಿಸುವುದು ನ್ಯಾಯಾಧೀಶರ ಕರ್ತವ್ಯ. 13ನೇ ಕಲಮಿನ ಪ್ರಕಾರ ವಕೀಲರನ್ನು ಇಟ್ಟುಕೊಳ್ಳುವುದು ಅಲ್ಲಿ ಕಕ್ಷಿದಾರರ ಹಕ್ಕೂ ಅಲ್ಲ. (ಇದನ್ನು ನಾನೇ ಬರೆಯುತ್ತಿರುವುದಕ್ಕೆ ನಗಬೇಡಿ.) ಕುಟುಂಬ ನ್ಯಾಯಾಲಯ ಇಲ್ಲದ ಊರುಗಳಲ್ಲಿ ಸಿವಿಲ್ ನ್ಯಾಯಾಲಯಗಳಿಗೂ ಇಂಥದೇ ಹೊಣೆಯಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕೆಂಬ ನಿಯಮವೂ ಮನಸ್ಸು ಬದಲಾದೀತೆಂಬ ಆಸೆಯಿಂದ ಹುಟ್ಟಿದ್ದೇ. ಕೂಡಿ ಬಾಳುವ ಸಾಧ್ಯತೆಯೇ ಇಲ್ಲದೆ, ಉಳಿದ ವಿಷಯಗಳೆಲ್ಲ ಇತ್ಯರ್ಥವಾಗಿದ್ದರೆ ಆ ಅವಧಿಯನ್ನು ಬಿಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಒಳ್ಳೆಯದಾಯಿತೆಂದೇ ನನ್ನ ಅಭಿಪ್ರಾಯ.

ಇವೆಲ್ಲಕ್ಕಿಂತ ಹೆಚ್ಚು ಜಗಳ ತಗ್ಗಿಸಿದ್ದು ಉಪದೇಶದ ಮಾತೇ ಇಲ್ಲದ ಒಂದು ನಮೂನೆ. ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ವಿಧಿಸಿತಲ್ಲ, ಅದರ ಜೊತೆ ಕೃಷಿಕರಿಗೆಂದೇ ಬೇರೆ ನಮೂನೆ ಇದೆ. ಅಲ್ಲಿಯವರೆಗೆ ನಮ್ಮ ಕಡೆಯ ಗಂಡಂದಿರ ಉತ್ತರ ಒಂದೇ ಆಗಿತ್ತು: ಪಹಣಿ ಅಜ್ಜನ ಹೆಸರಿನಲ್ಲಿದೆ, ನನಗೆ ಆದಾಯವಿಲ್ಲ. ಈಗ ಎಷ್ಟು ಎಕರೆ, ಯಾವ ಬೆಳೆ, ಎಷ್ಟು ದನ ಎಂದು ತುಂಬಬೇಕಾಗಿ ಬಂದಿದೆ, ಸೊಸೈಟಿಯ ಅಡಿಕೆ ವಿಕ್ರಿಯ ಪಟ್ಟಿ ತರಿಸಿದರೆ ಉಳಿದದ್ದು ತಾನಾಗಿ ಹೊರಬೀಳುತ್ತದೆ. ಅಂಕಿ ಮೇಜಿನ ಮೇಲೆ ಬಂದ ದಿನ ಅರ್ಧದಷ್ಟು ಕೂಗಾಟ ನಿಲ್ಲುವುದನ್ನು ಕಣ್ಣಾರೆ ಕಂಡಿದ್ದೇನೆ. ಬಾಕಿ ವಸೂಲಿ ಮಾತ್ರ ಇಂದಿಗೂ ದೊಡ್ಡ ತಲೆನೋವು.

ಕಡಲತೀರದ ತಾಯಿ, ಕಾರವಾರ

ವಕೀಲೆಯವರು ಹೇಳಿದ ಒಪ್ಪಿಗೆಯ ವಿಚ್ಛೇದನವನ್ನೇ ನಾವು ಪಡೆದವರು. ಮಗನಿಗೆ ಆಗ ಏಳು ವರ್ಷ. ಆದೇಶದಲ್ಲಿ ಇದ್ದದ್ದು ಇಷ್ಟೇ: ಪ್ರತಿ ತಿಂಗಳ ಮೊದಲನೆಯ ಮತ್ತು ಮೂರನೆಯ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಗು ತಂದೆಯ ಜೊತೆ ಇರತಕ್ಕದ್ದು. ಟಾಗೋರ್ ಕಡಲತೀರದಲ್ಲಿ ಯುದ್ಧನೌಕೆಯ ಸಂಗ್ರಹಾಲಯದ ಎದುರು ಮಗುವನ್ನು ಕೈಮಾರು ಮಾಡುವುದೆಂದು ನಾವೇ ಬಾಯಿಮಾತಿನಲ್ಲಿ ಗೊತ್ತುಮಾಡಿಕೊಂಡೆವು. ಅವರು ಕುಮಟೆಯಿಂದ ಬರುತ್ತಿದ್ದರು.

2024ರ ಜುಲೈ 16ರಂದು ಆ ಹಾದಿಯ ನಡುವಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಆ ತಿಂಗಳ ಮೂರನೆಯ ಭಾನುವಾರ 21ರಂದು ಬಿದ್ದಿತ್ತು. ಅವರು ಬರಲಾಗುವುದಿಲ್ಲ, ಮುಂದಿನ ಭಾನುವಾರ ಕೊಡು ಎಂದು ಸಂದೇಶ ಕಳಿಸಿದರು. ನಾನು ಆದೇಶದ ಪ್ರತಿಯ ಫೋಟೋ ತೆಗೆದು ಕಳಿಸಿದೆ. ಅದರಲ್ಲಿ ನಾಲ್ಕನೆಯ ಭಾನುವಾರ ಇರಲಿಲ್ಲ. ಮಣ್ಣಿನಡಿ ಸಿಕ್ಕಿದವರನ್ನು ಹುಡುಕುತ್ತಿದ್ದ ವಾರ ಅದು, ಊರಿಗೆ ಊರೇ ಟಿವಿಯ ಮುಂದೆ ಕುಳಿತಿತ್ತು, ಆಗ ನಾನು ಮಾಡಿದ್ದು ಇದು. ಅವರ ವಕೀಲರಿಂದ ನೋಟಿಸು ಬಂತು, ನಮ್ಮ ವಕೀಲರಿಂದ ಉತ್ತರ ಹೋಯಿತು. ಆಗಸ್ಟ್ 7ರ ಬೆಳಗಿನ ಜಾವ ಕಾಳಿ ಸೇತುವೆ ಕುಸಿದಾಗ ನಾನೇ ಸದಾಶಿವಗಡದ ತವರಿನಲ್ಲಿದ್ದೆ. ಹೊಳೆಯ ಈಚೆಗೆ ಕುಳಿತು, ಮೂರನೆಯ ಭಾನುವಾರ ನಾನು ಕೈಮಾರಿಗೆ ತಲುಪದಿದ್ದರೆ ಅವರೂ ಆದೇಶದ ಫೋಟೋ ಕಳಿಸಿಯಾರೇ ಎಂದು ಯೋಚಿಸಿದ್ದು ನೆನಪಿದೆ.

ಕೊನೆಗೆ ಮಧ್ಯಸ್ಥಿಕೆಗೆ ಕಳಿಸಿದರು. ಅಲ್ಲಿದ್ದ ಹಿರಿಯ ವಕೀಲೆ ನಮ್ಮನ್ನು ಒಂದುಮಾಡಲು ಹೋಗಲಿಲ್ಲ, ಅದೇ ಅವರ ದೊಡ್ಡ ಉಪಕಾರ. ಮಗುವಿನ ಶಾಲೆಯ ಕ್ಯಾಲೆಂಡರು ತರಿಸಿ ಎದುರಿಗಿಟ್ಟು, ಚೌತಿ ಯಾರಲ್ಲಿ, ದೀಪಾವಳಿ ಯಾರಲ್ಲಿ, ಜ್ವರ ಬಂದರೆ ಏನು, ಹಾದಿ ಬಂದಾದರೆ ಯಾವ ದಿನ, ಶುಲ್ಕ ಯಾರು ಕಟ್ಟಬೇಕು ಎಂದು ಒಂದೊಂದಾಗಿ ಕೇಳಿ ಬರೆಸಿದರು. ಎರಡು ಬೈಠಕ್ಕು ಅದಕ್ಕೇ ಹೋಯಿತು. ಜಂಟಿ ಮೆಮೊ ಮೂರೂವರೆ ಪುಟವಾಯಿತು.

ಅದರಲ್ಲಿಲ್ಲದ ಒಂದು ವ್ಯವಸ್ಥೆ ಈಗ ತಾನಾಗಿ ಬೆಳೆದಿದೆ. ಮಗನಿಗೆ ಉಬ್ಬಸ, ಚೀಲದಲ್ಲಿ ಪಂಪು ಇರುತ್ತದೆ. ಅದರ ಜೊತೆ ನೂರು ಪುಟದ ಒಂದು ನೋಟುಬುಕ್ಕು ಇಟ್ಟೆ, ಯಾವಾಗ ಪಂಪು ಎಳೆದ ಎಂದು ಬರೆಯಲು. ಮೊದಮೊದಲು ಅವರು ಗಂಟೆ ಮಾತ್ರ ಬರೆಯುತ್ತಿದ್ದರು. ಈಚೆಗೆ "ಬಂಗಡೆ ಸಾರಿನಲ್ಲಿ ಎರಡು ಸಲ ಅನ್ನ ಉಂಡ, ಮಗ್ಗಿ ಹನ್ನೆರಡರವರೆಗೆ ಬರುತ್ತದೆ" ಎಂದೂ ಇರುತ್ತದೆ. ನಾವು ಇಂದಿಗೂ ಎದುರುಬದುರು ಮಾತನಾಡುವುದಿಲ್ಲ.

ನಿವೃತ್ತ ಬೆಂಚ್ ಕ್ಲರ್ಕ್, ಹೊನ್ನಾವರ

ತಾಯಿ, ನಿಮ್ಮಂಥ ಮೂರೂವರೆ ಪುಟದ ಮೆಮೊವನ್ನು ನನ್ನ ನೌಕರಿಯಲ್ಲಿ ಕಂಡದ್ದು ಕೈಬೆರಳಿನಲ್ಲಿ ಎಣಿಸುವಷ್ಟು. ಹೆಚ್ಚಿನವು ಅರ್ಧ ಪುಟ: "ಉಭಯತರು ಹಿರಿಯರ ಸಮಕ್ಷಮ ರಾಜಿಯಾಗಿ ಕೂಡಿ ಬಾಳಲು ಒಪ್ಪಿರುತ್ತಾರೆ."

ಲೋಕ ಅದಾಲತ್ತಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಅಲ್ಲಿ ಆದ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀ ಮರಳಿ ಬರುತ್ತದೆ. ಪಾಲಿನ ದಾವೆಗೆ, ಚೆಕ್ಕು ಬೌನ್ಸಿಗೆ ಇದು ಬಹಳ ಒಳ್ಳೆಯದು. ದಂಪತಿಗಳ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಇಬ್ಬರ ಕೈಗೂ ಹಾರ ಕೊಟ್ಟು ಬದಲಾಯಿಸಿಕೊಳ್ಳಲು ಹೇಳುತ್ತಾರೆ, ಸಿಹಿ ಹಂಚುತ್ತಾರೆ, ಮರುದಿನದ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಕಡತ ಮುಕ್ತಾಯದ ಪಟ್ಟಿಗೆ ಸೇರುತ್ತದೆ. ನಾಲ್ಕು ತಿಂಗಳ ಮೇಲೆ ಅದೇ ಹೆಸರು ಹೊಸ ನಂಬರಿನಲ್ಲಿ ಬಂದಾಗ ನಾನು ಗುರುತು ಹಿಡಿಯುತ್ತಿದ್ದೆ, ಏಕೆಂದರೆ ಹಾರ ತರಿಸಿದವನೇ ನಾನು. ಆದರೆ ಹಳೆಯ ಕಡತವನ್ನು ಹೊಸದಕ್ಕೆ ಜೋಡಿಸಿ, ಹೋದ ಸಲ ರಾಜಿ ಏಕೆ ಮುರಿಯಿತೆಂದು ಕೇಳಿದ್ದನ್ನು ನಾನಿದ್ದ ನ್ಯಾಯಾಲಯದಲ್ಲಿ ಕಾಣಲಿಲ್ಲ. ಪರಿಣಾಮವನ್ನು ಅಳೆಯಬೇಕೆಂದರೆ ಅಲ್ಲಿಂದ ಅಳೆಯಬೇಕು.

ಸಾಂತ್ವನ ಮಹಿಳಾ ಸಹಾಯ ಕೇಂದ್ರದ ಹಳೆಯ ಕಾರ್ಯಕರ್ತೆ, ಅಂಕೋಲಾ

ಕ್ಲರ್ಕ್ ಸಾಹೇಬರು ಹೇಳಿದ ಅರ್ಧ ಪುಟದ ರಾಜಿಯ ಒಳಗೆ ಏನಿರುತ್ತದೆ ಎಂಬುದಕ್ಕೆ ನಾನು ಸಾಕ್ಷಿ. ಒಂದು ಛಾಪಾ ಕಾಗದವನ್ನು ಎಂದಿಗೂ ಮರೆಯಲಾರೆ. ಎಡಗಡೆ ಗಂಡನ ಕಡೆಯಿಂದ: "ಇನ್ನು ಮುಂದೆ ಕೈ ಮಾಡುವುದಿಲ್ಲ." ಬಲಗಡೆ ಹೆಂಡತಿಯ ಕಡೆಯಿಂದ: "ಹೇಳದೆ ತವರಿಗೆ ಹೋಗುವುದಿಲ್ಲ." ಎರಡನ್ನೂ ಒಂದೇ ತೂಕದ ತಪ್ಪೆಂದು ಸಾಲಾಗಿ ಬರೆದವರು ಊರಿನ ನಾಲ್ಕು ಮಂದಿ ಸಜ್ಜನರೇ, ಅವರಲ್ಲಿ ದುರುದ್ದೇಶವಿರಲಿಲ್ಲ. ಅವಳು ತವರಿಗೆ ಹೋಗುತ್ತಿದ್ದದ್ದೇ ಪೆಟ್ಟು ತಿಂದ ರಾತ್ರಿಗಳಲ್ಲಿ ಎಂಬುದನ್ನು ಆ ಪಂಚಾಯತಿಯಲ್ಲಿ ಯಾರೂ ಕೂಡಿಸಿ ನೋಡಲಿಲ್ಲ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದನ್ನು ಅರಿತೇ ರೂಪುಗೊಂಡದ್ದು. ಅದರಲ್ಲಿಯೂ ಆಪ್ತ ಸಮಾಲೋಚನೆ ಇದೆ, ಆದರೆ ಹೊಡೆದದ್ದಕ್ಕೆ ಕಾರಣ ಹೇಳಿ ಸಮರ್ಥಿಸಿಕೊಳ್ಳಲು ಸಮಾಲೋಚನೆಯಲ್ಲಿ ಅವಕಾಶವಿಲ್ಲ, ಇದನ್ನು ಪ್ರತಿವಾದಿಗೆ ಮೊದಲೇ ತಿಳಿಸಬೇಕು ಎಂದು 2006ರ ನಿಯಮಗಳು ಹೇಳುತ್ತವೆ. ನಮ್ಮಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿಯ ಕೆಲಸ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಮೇಲೆ ಬಿದ್ದಿದೆ. ಅಂಗನವಾಡಿಯ ಮೊಟ್ಟೆಯ ಲೆಕ್ಕದ ನಡುವೆ ಅವರು ಈ ನಿಯಮವನ್ನು ಎಷ್ಟು ಪಾಲಿಸಿಯಾರು?

ಊರ ಪಂಚಾಯತಿಕೆಯನ್ನು ನಾನು ತಳ್ಳಿಹಾಕುತ್ತಿಲ್ಲ. ನಮ್ಮ ಹಾಲಕ್ಕಿ ಜನರ ಕೊಪ್ಪಗಳಲ್ಲಿ ಮುಖ್ಯಸ್ಥನಾದ ಊರಗೌಡ, ಸಲಹೆಗಾರ ಬುದ್ಧವಂತ, ಸುದ್ದಿ ಮುಟ್ಟಿಸುವ ಕೋಲಕಾರ ಎಂಬ ವ್ಯವಸ್ಥೆ ಇದೆ, ಕುಡಿತ ಹೆಚ್ಚಾದ ಗಂಡನನ್ನು ಕರೆಸಿ ತಲೆ ತಗ್ಗಿಸುವಂತೆ ಮಾಡುವ ಶಕ್ತಿ ಅದಕ್ಕೆ ಇನ್ನೂ ಅಷ್ಟಿಷ್ಟು ಉಳಿದಿದೆ, ನೋಟಿಸಿಗೆ ಆ ಶಕ್ತಿ ಇಲ್ಲ. 2023ರ ಮಧ್ಯಸ್ಥಿಕೆ ಕಾಯ್ದೆ ಕೂಡ ಸಮುದಾಯ ಮಧ್ಯಸ್ಥಿಕೆಯನ್ನು ಹೆಸರಿಟ್ಟು ಕರೆದಿದೆ, ಆದರೆ ಅಲ್ಲಿಯ ಒಪ್ಪಂದವನ್ನು ಡಿಕ್ರಿಯಂತೆ ಜಾರಿ ಮಾಡಿಸಲು ಬರುವುದಿಲ್ಲ. ಅದು ಹಾಗಿರುವುದೇ ವಾಸಿ. ಮೇಲಿನ ಛಾಪಾ ಕಾಗದಕ್ಕೆ ಡಿಕ್ರಿಯ ಬಲ ಬಂದಿದ್ದರೆ ಆ ಹುಡುಗಿಯ ಗತಿಯೇನಾಗುತ್ತಿತ್ತು ಎಂದು ಯೋಚಿಸಿ.

ಗಡಿಯವ, ಮಾಜಾಳಿ

ಇಲ್ಲಿಯವರೆಗೆ ಎಲ್ಲರೂ ಘಟ್ಟದ ಮೇಲಿನ, ಕೆಳಗಿನ ಮಾತಾಡಿದಿರಿ. ನಮ್ಮ ಮನೆಯಿಂದ ಅಷ್ಟು ದೂರ ಹೋಗಿ ಗೋವಾ ಗಡಿಯ ಪೋಳೆ ಚೆಕ್‌ಪೋಸ್ಟ್ ದಾಟಿದರೆ ಮಾತು ಅದೇ ಕೊಂಕಣಿ, ಸಾರು ಅದೇ ಸಾರು, ಕಾನೂನು ಮಾತ್ರ ಬೇರೆ. ಮಗಳನ್ನು ಕಾಣಕೋಣಕ್ಕೆ ಕೊಟ್ಟಿದ್ದೇವೆ. 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯಿಂದ ಬಂದ ಪದ್ಧತಿಯಂತೆ, ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಒಂದೇ ಗಂಟು, ಅದರಲ್ಲಿ ಇಬ್ಬರಿಗೂ ಅರ್ಧರ್ಧ. ಒಬ್ಬರ ಸಹಿ ಇಲ್ಲದೆ ಇನ್ನೊಬ್ಬರು ಮನೆ ಜಾಗ ಮಾರುವಂತಿಲ್ಲ. ಗೋವಾದವರ ಆಸ್ತಿ ಗೋವಾದ ಹೊರಗಿದ್ದರೂ ಉತ್ತರಾಧಿಕಾರಕ್ಕೆ ಅದೇ ಕಾನೂನು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತೋಟಿಗರಿಗೆ ಆಸಕ್ತಿ ಹುಟ್ಟಿಸಬಹುದಾದದ್ದು ಅಲ್ಲಿಯ "ಇನ್ವೆಂಟರಿ" ಎಂಬ ಕ್ರಮ. ಹಿರಿಯರು ತೀರಿಕೊಂಡ ಮೇಲೆ ವಾರಸುದಾರರೆಲ್ಲರನ್ನೂ ಕರೆದು, ಒಬ್ಬರಿಂದ ಆಸ್ತಿಯ ಪೂರ್ತಿ ಪಟ್ಟಿ ಮಾಡಿಸಿ, ಬೇಕಾದ ವಸ್ತುವಿಗೆ ವಾರಸುದಾರರೇ ತಮ್ಮತಮ್ಮೊಳಗೆ ಸವಾಲು ಕೂಗುತ್ತಾರೆ. ಬೀಗರ ಹಳೆಯ ಮನೆಗೆ ಅಳಿಯನ ಚಿಕ್ಕಪ್ಪ ಕೂಗಿದರು, ಏಕೆಂದರೆ ಅದರಲ್ಲಿ ವಾಸವಿದ್ದವರು ಅವರೊಬ್ಬರೇ. ಉಳಿದವರಿಗೆ ಹಣ ಹೋಯಿತು. ಮನೆಯ ನಡುವೆ ಗೋಡೆ ಏಳಲಿಲ್ಲ. ಹಾಗೆಂದು ಅಲ್ಲಿ ಎಲ್ಲವೂ ಸಲೀಸು ಎನ್ನಲಾರೆ. ಹೊರದೇಶದಲ್ಲಿದ್ದ ಒಬ್ಬ ಅತ್ತೆಗೆ ಸಮನ್ಸು ಮುಟ್ಟಿಸುವುದಕ್ಕೇ ಎರಡು ಚೌತಿ ಕಳೆದವು, ಸವಾಲಿನ ದಿನ ಆಡಿದ ಒಂದು ಮಾತಿಗೆ ಇಬ್ಬರು ಇಂದಿಗೂ ಒಬ್ಬರ ಮನೆಗೊಬ್ಬರು ಹೋಗುವುದಿಲ್ಲ.

ತವರಿನವಳು, ಸಿದ್ದಾಪುರ

ತೋಟಿಗ ಅಣ್ಣನವರೇ, ನಿಮ್ಮ ಬರಹದಲ್ಲಿ ಅಣ್ಣ ಇದ್ದಾರೆ, ನೀವಿದ್ದೀರಿ, ಕೊನೆಗೌಡನೂ ಇದ್ದಾನೆ. ಹೆಣ್ಣುಮಕ್ಕಳು ಇರಲಿಲ್ಲವೇ? 1994ರಲ್ಲಿಯೇ ನಮ್ಮ ರಾಜ್ಯ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು, ಆ ದಿನ ತಂದೆ ಬದುಕಿರಬೇಕಾಗಿರಲಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ನನ್ನ ಅಣ್ಣಂದಿರು ಹಕ್ಕು ಬಿಡುಗಡೆ ಪತ್ರ ತಂದ ದಿನ ಬಾಗಿನದ ಸೀರೆಯನ್ನೂ ಜೊತೆಗೆ ತಂದಿದ್ದರು. ನಾನು ಸಹಿ ಹಾಕಿದೆ. ನಮ್ಮ ಮನೆಯಲ್ಲಿ ಜಗಳವಾಗಲಿಲ್ಲ, ಬಹಳ ಸಹಕಾರದ ಕುಟುಂಬವೆಂದು ಹೆಸರಿದೆ.

ತೋಟಿಗ, ಶಿರಸಿ

ತಂಗೀ, ನಿಮ್ಮ ಪ್ರಶ್ನೆಗೆ ಉತ್ತರಿಸಲು ಮೂರು ದಿನ ಬೇಕಾಯಿತು. ಅಕ್ಕ ಒಬ್ಬಳಿದ್ದಾಳೆ. ದಾವೆ ಹಾಕುವ ಮುಂಚೆ ನಾನೂ ಅಣ್ಣನೂ ಕೂಡಿ ಮಾಡಿದ ಕೊನೆಯ ಕೆಲಸವೇ ಅವಳ ಹತ್ತಿರ ಬಿಡುಗಡೆ ಪತ್ರ ಬರೆಸಿಕೊಂಡದ್ದು. ಒಂದೇ ಕಾರಿನಲ್ಲಿ ಹೋಗಿದ್ದೆವು. ಉಪನೋಂದಣಿ ಕಚೇರಿಯಲ್ಲಿ ಅವಳಿಗೆ ಪತ್ರವನ್ನು ಓದಿ ಹೇಳಿದ ನೆನಪು ನನಗಿಲ್ಲ. ನನ್ನ ಮೊದಲ ಬರಹದಲ್ಲಿ ಅವಳು ಬಾರದಿದ್ದುದಕ್ಕೆ ಬೇರೆ ವಿವರಣೆ ಕೊಡಲಾರೆ.

ಅಪ್ಪಯ್ಯನ ಕಡೆಯ ವರ್ಷಗಳಲ್ಲಿ ಅವರನ್ನು ನೋಡಿಕೊಂಡವಳೂ ಅವಳೇ.

ಒಂಟಿ ಮನೆಯ ಅಜ್ಜ, ಯಲ್ಲಾಪುರ

ಅಪ್ಪಯ್ಯನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಮಕ್ಕಳು ಬೆಂಗಳೂರಿನಲ್ಲಿ, ನಾನು ಮತ್ತು ನಾಯಿ ಇಲ್ಲಿ. ಹಿರಿಯ ನಾಗರಿಕರ 2007ರ ಕಾಯ್ದೆಯಂತೆ ಉಪವಿಭಾಗಾಧಿಕಾರಿಗಳ ಮುಂದೆ ವಕೀಲರಿಲ್ಲದೆ ಅರ್ಜಿ ಕೊಡಬಹುದು, ಅವರು ಅದನ್ನು ಮೊದಲು ಸಂಧಾನಾಧಿಕಾರಿಗೆ ಕಳಿಸಬಹುದು, ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ದಾನಪತ್ರ ಬರೆಸಿಕೊಂಡು ಕೈಬಿಟ್ಟರೆ 23ನೇ ಕಲಮಿನಲ್ಲಿ ಅದನ್ನು ರದ್ದು ಮಾಡಿಸಬಹುದು. ನಾನು ಅರ್ಜಿ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆದರೆ ದಾನಪತ್ರ ಬರೆಸುವಾಗ ಆ ಷರತ್ತನ್ನು ಬರವಣಿಗೆಯಲ್ಲಿಯೇ ಹಾಕಿಸಿದೆ. ಅಂದಿನಿಂದ ಮಗ ಪ್ರತಿ ಶನಿವಾರ ಫೋನು ಮಾಡುತ್ತಾನೆ. ಪ್ರೀತಿಯೋ ಷರತ್ತೋ ಎಂದು ನಾನು ವಿಚಾರಿಸಲು ಹೋಗಿಲ್ಲ.

ಸಿವಿಲ್ ವಕೀಲೆ, ಕುಮಟಾ

ತೋಟಿಗರೇ, ಅಂತಿಮ ಡಿಕ್ರಿಯಾಗಿರುವುದರಿಂದ ರಾಜಿ ಡಿಕ್ರಿಯ ಕಾಲ ಮೀರಿದೆ. ಆದರೆ ನೀರು, ಹಾದಿ, ಸಿಂಪಡಣೆಯ ಬಗ್ಗೆ ಇಬ್ಬರೂ ಬೇರೆಯೇ ಒಂದು ಒಪ್ಪಂದ ಪತ್ರ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಕಾರವಾರದ ತಾಯಿಯ ಮೆಮೊದಂತೆ ದಿನ, ಖರ್ಚು, ತಪ್ಪಿದರೆ ಏನು ಎಂಬುದನ್ನು ಬರೆಯಿರಿ. "ಸೌಹಾರ್ದದಿಂದ ಇರತಕ್ಕದ್ದು" ಎಂದು ಮಾತ್ರ ಬರೆಯಬೇಡಿ. ಅಕ್ಕನ ವಿಷಯಕ್ಕೆ ನೀವು ಖುದ್ದಾಗಿ ಬರುವುದು ಒಳ್ಳೆಯದು. ಅವರನ್ನೂ ಕರೆದುಕೊಂಡು ಬನ್ನಿ, ಅಥವಾ ಅವರು ತಮ್ಮದೇ ವಕೀಲರನ್ನು ಕಾಣಲಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟರೆ ಸಾಕು.

ತೋಟಿಗ, ಶಿರಸಿ

ಅಕ್ಕನಿಗೆ ಭಾನುವಾರ ಫೋನು ಮಾಡಿದೆ. ಬರುವ ತಿಂಗಳು ಕುಮಟೆಗೆ ಬರುತ್ತೇವೆ, ಅವಳು ಬಸ್ಸಿನಲ್ಲಿ ಬೇರೆಯಾಗಿ ಬರುತ್ತಾಳಂತೆ.

ಇನ್ನೊಂದು ವಿಷಯ. ಒಂದು ಹಾಳೆಯಲ್ಲಿ ಐದು ಅಂಶ ಬರೆದು, ಮೈಲುತುತ್ತು ಸುಣ್ಣದ ಖರ್ಚು ಅರ್ಧರ್ಧ, ಕೊನೆಗೌಡ ಮೊದಲ ದಿನ ಕೆಳಗಿನ ತೋಟಕ್ಕೆ ಎರಡನೇ ದಿನ ಮೇಲಿನದಕ್ಕೆ ಎಂದೆಲ್ಲ ಸೂಚಿಸಿ, ಕೊನೆಗೌಡನ ಕೈಯಲ್ಲಿಯೇ ಅಣ್ಣನಿಗೆ ಕಳಿಸಿದ್ದೆ. ನಿನ್ನೆ ಸಂಜೆ ಹಾಳೆ ಮರಳಿ ಬಂತು. ಒಪ್ಪಿಗೆಯ ಮಾತೂ ಇಲ್ಲ, ಸಹಿಯೂ ಇಲ್ಲ. ಎರಡನೆಯ ಸಿಂಪಡಣೆ 45 ದಿನಕ್ಕೆ ಎಂದು ನಾನು ಬರೆದಿದ್ದಲ್ಲಿ ಪೆನ್ಸಿಲಿನಿಂದ ಕಾಟು ಹೊಡೆದು 40 ಎಂದು ತಿದ್ದಿದ್ದಾನೆ.